ಫೋರ್-ವೀಲ್ ಡ್ರೈವ್ ಮಹಾಶಯರಿಗೊಂದು ಬಹಿರಂಗ ಪತ್ರ

ಕೊಲರಾಡೊ ರಾಜ್ಯದ ಡೆನ್ವರ್ ನಗರದ ಫೋರ್-ವೀಲ್ ಡ್ರೈವ್ ಕಾರಿನ ಮಾಲೀಕ ಮಹಾಶಯರೇ,

ಮಾರ್ಚ್ ತಿಂಗಳಲ್ಲಿ ಹವಾಮಾನ ಇಲಾಖೆ ಹಿಮಬಿರುಗಾಳಿಯ ಎಚ್ಚರಿಕೆ ಕೊಟ್ಟೊಡನೆ ಊರಿನವರೆಲ್ಲ ಅಂಗಡಿಗೆ ನುಗ್ಗಿ ಹಾಲು, ಬ್ರೆಡ್ಡು ಖಾಲಿ ಮಾಡುತ್ತಾರೆ. ತಾವು ಮಾತ್ರ ಬೆರಳಲ್ಲಿ ಕಾರಿನ ಕೀ ತಿರುಗಿಸುತ್ತ ‘ನಮ್ಮದು ಫೋರ್-ವೀಲ್ ಡ್ರೈವ್’ ಎನ್ನುತ್ತೀರಿ. ಆ ಒಂದು ಮಾತಿಗೇ ಈ ಪತ್ರ. ಎಂಜಿನ್ನಿನ ಬಲ ನಾಲ್ಕೂ ಚಕ್ರಕ್ಕೆ ಸಿಕ್ಕರೆ ಕಾರು ಹಿಮದಲ್ಲೂ ಸಲೀಸಾಗಿ ಹೊರಡುತ್ತದೆ, ಒಪ್ಪಿದೆ. ಆದರೆ ಬ್ರೇಕು ಪಕ್ಕದ ಮನೆಯ ಡಬ್ಬಾ ಕಾರಿಗೂ ನಾಲ್ಕೂ ಚಕ್ರಕ್ಕೇ ಇದೆ! ತಾವು ಹೆಚ್ಚು ದುಡ್ಡು ತೆತ್ತು ಕೊಂಡದ್ದು ಹೊರಡುವ ಶಕ್ತಿಯನ್ನು. ನಿಲ್ಲುವ ಶಕ್ತಿ ಇರುವುದು ಟಯರಿಗೂ ರಸ್ತೆಗೂ ನಡುವಿನ ಹಿಡಿತದಲ್ಲಿ. ಕೊಲರಾಡೊ ಸರ್ಕಾರಕ್ಕೆ ಈ ಗುಟ್ಟು ಗೊತ್ತು. ಐ-70 ಹೆದ್ದಾರಿಯ ಬೆಟ್ಟದ ಹಾದಿಯಲ್ಲಿ ಫೋರ್-ವೀಲ್ ಡ್ರೈವ್ ಆದರೂ ಟಯರಿನ ಗೀರು ಸುಮಾರು 4.8 ಮಿಲಿಮೀಟರ್ ಆಳ ಇರಬೇಕೆಂದು ಅದು ಕಾನೂನು ಮಾಡಿದೆ. ಈ ಕಾನೂನಿನ ಚಳಿಗಾಲ ಮುಗಿಯುವುದು ಮೇ 31ಕ್ಕೆ. ತಮ್ಮದು ಮಾರ್ಚಿನ ಮೊದಲ ಬಿಸಿಲಿಗೇ ಮುಗಿದುಹೋಗುತ್ತದೆ.

ವಸಂತದ ಹಿಮವನ್ನು ಜನವರಿಯ ಹಿಮದ ಬಡ ತಮ್ಮನೆಂದು ತಿಳಿಯಬೇಡಿ. ಮೆಕ್ಸಿಕೊ ಕೊಲ್ಲಿಯ ತೇವ ಹೊತ್ತ ಗಾಳಿ ರಾಕಿ ಪರ್ವತದ ಪೂರ್ವದ ಇಳಿಜಾರನ್ನು ಹತ್ತುತ್ತ ತಣಿದು, ನೀರು ತುಂಬಿದ ಭಾರದ ಹಿಮವಾಗಿ ಬೀಳುತ್ತದೆ. ಕೊಂಬೆ ಮುರಿಯುವುದು, ವಿದ್ಯುತ್ ತಂತಿ ಹರಿಯುವುದು ಈ ಭಾರಕ್ಕೇ. 2003ರ ಮಾರ್ಚಿನಲ್ಲಿ ಡೆನ್ವರಿನಲ್ಲಿ ಸುಮಾರು 80 ಸೆಂಟಿಮೀಟರ್ ಬಿತ್ತು. ವಿಮಾನ ನಿಲ್ದಾಣದ ಗುಡಾರದಂಥ ಚಾವಣಿಯೇ ಹರಿಯಿತು. 2019ರ ಮಾರ್ಚ್ 13ರಂದು ಬೆಳಿಗ್ಗೆ ಮಳೆಯಾಗಿ ಶುರುವಾದದ್ದು ಕೆಲವೇ ಗಂಟೆಗಳಲ್ಲಿ ಕಣ್ಣಿಗೆ ರಸ್ತೆಯೇ ಕಾಣದ ಬಿರುಗಾಳಿಯಾಯಿತು. ಕೊಲರಾಡೊದ ಎಲ್ ಪಾಸೊ ಕೌಂಟಿಯೊಂದರಲ್ಲೇ ಸಾವಿರಕ್ಕೂ ಹೆಚ್ಚು ಜನ ವಾಹನಗಳಲ್ಲಿ ಸಿಕ್ಕಿಬಿದ್ದರು. ಅದೇ ದಿನ, ರಸ್ತೆಯಿಂದ ಜಾರಿದ ಕಾರೊಂದರ ನೆರವಿಗೆ ನಿಂತಿದ್ದ ಹೆದ್ದಾರಿ ಪೊಲೀಸ್ ಅಧಿಕಾರಿಯೊಬ್ಬರು ಹತೋಟಿ ತಪ್ಪಿದ ಇನ್ನೊಂದು ಕಾರು ಬಡಿದು ಸತ್ತರು. ಹೊರಟೇ ತೀರುತ್ತೇನೆನ್ನುವವರ ಲೆಕ್ಕದಲ್ಲಿ ಇಂಥ ಖರ್ಚು ಬರೆದಿರುವುದಿಲ್ಲ.

‘ಇಲಾಖೆಯವರು ಯಾವಾಗಲೂ ಉಬ್ಬಿಸಿಯೇ ಹೇಳುತ್ತಾರೆ’ ಎಂಬುದು ತಮ್ಮ ಮೊದಲ ತಕರಾರು. ಇರಬಹುದು, ಹತ್ತು ಸಲ ಸುಳ್ಳಾದ ಎಚ್ಚರಿಕೆಗೆ ತಾವು ತೆರುವುದು ಹತ್ತು ದಿನದ ಬೇಸರ. ನಿಜವಾಗಿ ಬಂದ ಒಂದು ಬಿರುಗಾಳಿಯನ್ನು ಕಡೆಗಣಿಸಿದ್ದಕ್ಕೆ ತೆರುವುದೇನೆಂದು ರಾಸ್ಕೋ ಕಾಂಕ್ಲಿಂಗ್ ತೋರಿಸಿಕೊಟ್ಟಿದ್ದಾರೆ. ನಿಷ್ಠುರ ಮಾತಿಗೆ ಹೆಸರಾಗಿದ್ದ ಈ ಮಾಜಿ ಸೆನೆಟರ್ 1888ರ ಮಾರ್ಚ್ 12ರಂದು ನ್ಯೂಯಾರ್ಕಿನ ಬಿರುಗಾಳಿಯಲ್ಲಿ ವಾಲ್ ಸ್ಟ್ರೀಟಿನಿಂದ ಹೊರಟರು. ಕುದುರೆಗಾಡಿಯವ 50 ಡಾಲರ್ ಕೇಳಿದ. ಸಿಟ್ಟಾಗಿ ನಡೆದೇ ಹೋದರು, ಯೂನಿಯನ್ ಸ್ಕ್ವೇರಿನ ಹಿಮದಲ್ಲಿ ಕುಸಿದರು, ಏಪ್ರಿಲ್‌ನಲ್ಲಿ ತೀರಿಕೊಂಡರು. ಅವರಿಗೆ ನಾಲ್ಕು ಚಕ್ರವಿರಲಿಲ್ಲ. ತಮ್ಮಂಥ ಆತ್ಮವಿಶ್ವಾಸ ಮಾತ್ರ ಪೂರ್ತಿ ಇತ್ತು.

‘ಆಸ್ಪತ್ರೆಯ ಕೆಲಸದವರು ಹೋಗಲೇಬೇಕಲ್ಲ?’ ಎಂದರೆ, ಹೋಗಲೇಬೇಕು. ಅವರಿಗೆ ದಾರಿ ಬಿಡಲೆಂದೇ ಉಳಿದವರು ಮನೆಯಲ್ಲಿರಬೇಕು. ಹೋಗುವವರ ಕಾರಿನಲ್ಲಿ ತುಂಬಿದ ಟ್ಯಾಂಕು, ಕಂಬಳಿ, ನೀರು, ತಿಂಡಿ, ಸಲಿಕೆ, ಚಕ್ರದಡಿ ಎರಚಲು ಮರಳು ಇರಲಿ. ಸಿಕ್ಕಿಬಿದ್ದರೆ ಇಳಿದು ನಡೆಯದೆ ಕಾರಿನಲ್ಲೇ ಕೂರಲಿ. ಎಂಜಿನ್ ಹಾಕುವ ಮೊದಲು ಹೊಗೆಕೊಳವೆಯ ಬಾಯಲ್ಲಿ ಕಟ್ಟಿದ ಹಿಮ ತೆಗೆಯಲಿ, ಇಲ್ಲವಾದರೆ ವಾಸನೆಯಿಲ್ಲದ ವಿಷಾನಿಲ ಒಳಗೇ ತುಂಬುತ್ತದೆ. ಇದನ್ನೆಲ್ಲ ಜೋಡಿಸಬೇಕಾದ್ದು ಆಕಾಶ ತಿಳಿಯಾಗಿರುವಾಗ. ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಹಿಮ ಬಿದ್ದಾಗ ಸಲಿಕೆ ಹುಡುಕಿದರೆ ಅಂಗಡಿಯ ಶೆಲ್ಫೂ ಖಾಲಿ.

ಇನ್ನು ತಮ್ಮ ಬ್ರಹ್ಮಾಸ್ತ್ರ: ‘ಮಾರ್ಚಿನ ಬಿಸಿಲಿಗೆ ಇದೆಲ್ಲ ನಾಳೆಯೇ ಕರಗುತ್ತದೆ.’ ಹೌದು, ಬೇಗನೇ ಕರಗುತ್ತದೆ. ಹಗಲು ಕರಗಿದ ನೀರೇ ರಾತ್ರಿ ಹೆಪ್ಪುಗಟ್ಟಿ, ಒದ್ದೆ ಟಾರಿನಂತೆ ಕಾಣುವ ತೆಳು ಮಂಜುಗಡ್ಡೆಯಾಗುತ್ತದೆ. ಅದರ ಮೇಲೆ ಎಷ್ಟು ಚಕ್ರ ತಿರುಗಿದರೂ ಒಂದೇ. ಒಂದೆರಡು ದಿನ ಕಳೆದರೆ ಅದೂ ಇಲ್ಲ. ಹಾಗಾದರೆ ಸ್ವಾಮಿ, ಅಷ್ಟು ಬೇಗ ತಾನೇ ಕರಗುವ ಹಿಮದ ಮೇಲೆ ಇವತ್ತೇ ಹೊರಡುವ ಅವಸರವೇನು?

ಇತಿ,
ತಮ್ಮ ಮುಂದಿನ ಕಾರಿನಲ್ಲಿ ಬ್ರೇಕು ಒತ್ತಿ ಕೂತಿರುವವರ ಪರವಾಗಿ