ನಿಶಾಚಾರಣೋಪಯೋಗಿ ಅಲ್ಪಮೌಲ್ಯ ಕ್ಯಾಮ್‌ಕಾರ್ಡರ್ ಮೀಮಾಂಸೆ

1. ಪ್ರಸ್ತಾವನೆ

ಬೆಟ್ಟ, ಕತ್ತಲು ಮತ್ತು ತೆಳು ಜೇಬು ಎಂಬ ತ್ರಿಪುಟಿಯ ಅಂತಸ್ಸಂಬಂಧಗಳನ್ನು ದೃಶ್ಯಗ್ರಾಹಕ ಯಂತ್ರದ ನೆಲೆಯಲ್ಲಿ ಮುಖಾಮುಖಿಯಾಗಿಸುವುದು ಪ್ರಸ್ತುತ ಪ್ರಬಂಧದ ಆಶಯ. ಅಧ್ಯಯನದ ವ್ಯಾಪ್ತಿ: ಸ್ಕಂದಗಿರಿ, ಮಾಕಳಿದುರ್ಗ, ಅಂತರಗಂಗೆ. ಅಧ್ಯಯನದ ಮಿತಿ: ಇಪ್ಪತ್ತೈದು ಸಾವಿರ ರೂಪಾಯಿ. ಈ ಕ್ಷೇತ್ರದಲ್ಲಿ ಪೂರ್ವಸೂರಿಗಳು, ಅಂದರೆ ಯೂಟ್ಯೂಬಿನಲ್ಲಿ ಪೆಟ್ಟಿಗೆ ಬಿಚ್ಚುವವರು, ವಿಪುಲ ಕೃಷಿ ನಡೆಸಿದ್ದಾರೆ. ಎಲ್ಲರೂ ಹಗಲಿನಲ್ಲೇ ನಡೆಸಿರುವುದು ಗಮನಾರ್ಹ.

2. ಪರಿಭಾಷೆ

ಕತ್ತಲನ್ನು ಕತ್ತಲಾಗಿಯೇ, ಆದರೆ ಕಾಣುವಂತೆ ಹಿಡಿಯುವ ಸಾಮರ್ಥ್ಯವನ್ನು ‘ತಮೋಗ್ರಾಹಕತೆ’ ಎನ್ನೋಣ. ಇದು ತ್ರಿಕಾರಣಜನ್ಯ: ಸೆನ್ಸರಿನ ವಿಸ್ತಾರ, ಲೆನ್ಸಿನ ಬಾಯಿ, ಷಟರ್ ತೆರೆದಿರುವ ಹೊತ್ತು. ಎಫ್/3.5ಕ್ಕಿಂತ ಎಫ್/1.8ರ ಬಾಯಿ ಸುಮಾರು ನಾಲ್ಕು ಪಟ್ಟು ಬೆಳಕು ಕುಡಿಯುತ್ತದೆ. ಷಟರನ್ನು ಸೆಕೆಂಡಿನ 1/50ರಿಂದ 1/25ಕ್ಕೆ ಇಳಿಸಿದರೆ ಬೆಳಕು ಇಮ್ಮಡಿ. ನಡೆಯುವವನ ಕೈಯಲ್ಲಿ ಮಸುಕೂ ಇಮ್ಮಡಿ.

3. ವರ್ಗೀಕರಣ

ಅ) ಸಂಖ್ಯಾಡಂಬರ ವರ್ಗ: ‘4ಕೆ, 48 ಮೆಗಾಪಿಕ್ಸೆಲ್, 16 ಪಟ್ಟು ಡಿಜಿಟಲ್ ಜೂಮ್’ ಎಂಬ ಬಿರುದಾವಳಿಯುಳ್ಳದ್ದು. 4ಕೆ ವಿಡಿಯೊದ ಒಂದು ಚೌಕಟ್ಟಿಗೆ ಬೇಕಾದದ್ದು 3840×2160, ಅಂದರೆ ಸುಮಾರು 8.3 ಮೆಗಾಪಿಕ್ಸೆಲ್. ಮಿಕ್ಕದ್ದು ಪರಾಕು. ಡಿಜಿಟಲ್ ಜೂಮ್ ಎಂದರೆ ಸಿಕ್ಕ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವ ಕಲೆ.

ಆ) ದೂರದರ್ಶಿ ವರ್ಗ: ಸೋನಿ ಹ್ಯಾಂಡಿಕ್ಯಾಮ್ ಸಿಎಕ್ಸ್405 ಇದರ ಮಾದರಿ. 30 ಪಟ್ಟು ನಿಜವಾದ ಆಪ್ಟಿಕಲ್ ಜೂಮ್ ಉಂಟು, ಹಗಲಿಗೆ ಸೊಗಸು. ಸೆನ್ಸರ್ ಮಾತ್ರ 1/5.8 ಇಂಚಿನ ಮಾದರಿ, ತೊಗರಿಬೇಳೆಗಿಂತ ಚಿಕ್ಕದು. ಜೂಮ್ ಎಳೆದಂತೆಲ್ಲ ಲೆನ್ಸಿನ ಬಾಯಿಯೂ ಕಿರಿದಾಗುತ್ತದೆ.

ಇ) ಅತೀಂದ್ರಿಯ ವರ್ಗ: ‘0 ಲಕ್ಸ್’ (ಲಕ್ಸ್ ಎಂದರೆ ಮೇಲೆ ಬೀಳುವ ಬೆಳಕಿನ ಅಳತೆ) ಎಂದು ಘೋಷಿಸುವ ಇನ್‌ಫ್ರಾರೆಡ್ ಕ್ಯಾಮೆರಾಗಳು. 1998ರಲ್ಲಿ ಸೋನಿಯ ಇಂಥದೇ ಸೌಲಭ್ಯವಾದ ನೈಟ್‌ಶಾಟ್ ಹಗಲಲ್ಲಿ ಕೆಲವು ಬಟ್ಟೆಗಳ ಆಚೆಗೂ ಇಣುಕುತ್ತದೆಂದು ಗುಲ್ಲಾಗಿ, ಕಂಪನಿ ಅದನ್ನು ಮಾರ್ಪಡಿಸಬೇಕಾಯಿತು. ಬೆಟ್ಟದಲ್ಲಿ ಇದರ ದೀಪ ನಾಲ್ಕು ಹೆಜ್ಜೆ ಮುಂದಿನ ಸ್ನೇಹಿತನನ್ನು ಹೊಳೆಯುವ ಕಣ್ಣಿನ ಪಿಶಾಚಿಯಾಗಿಸುತ್ತದೆ. ಕಣಿವೆಯನ್ನು ಮುಟ್ಟುವುದೇ ಇಲ್ಲ.

ಈ) ಇಲ್ಲಿಂದ ಏಳು ಉಪವರ್ಗಗಳು ಕವಲೊಡೆಯಬೇಕಿತ್ತು. ಬಿಡಿ, ಸಾಕು.

4. ಪೂರ್ವಪಕ್ಷ, ಅಥವಾ ಸಿಟ್ಟು

ಪೆಟ್ಟಿಗೆಯ ಮೇಲೆ ‘ಕನಿಷ್ಠ 3 ಲಕ್ಸ್’ ಎಂದಿದೆ ಎನ್ನಿ. ತಿಳಿಯಾಕಾಶದ ಹುಣ್ಣಿಮೆ ನೆತ್ತಿಯ ಮೇಲಿದ್ದರೂ ನೆಲಕ್ಕೆ ಬೀಳುವುದು ಹೆಚ್ಚೆಂದರೆ 0.3 ಲಕ್ಸ್. ಅಂದರೆ ಆ ಯಂತ್ರಕ್ಕೆ ಹತ್ತು ಹುಣ್ಣಿಮೆ ಬೇಕು. ಪೆಟ್ಟಿಗೆ ಬರೆದವರಿಗೆ ಇದು ಗೊತ್ತು. ನಮಗೆ ಗೊತ್ತಿಲ್ಲ ಎಂಬುದೂ ಅವರಿಗೆ ಗೊತ್ತು.

‘1 ಇಂಚಿನ ಸೆನ್ಸರ್’ ಎಂಬುದರ ಯಾವ ಅಂಚೂ ಒಂದಿಂಚಿಲ್ಲ, ಅದು 13.2×8.8 ಮಿಲಿಮೀಟರ್. ಹಳೆಯ ಕ್ಯಾಮೆರಾ ಟ್ಯೂಬುಗಳ ಹೊರವ್ಯಾಸದ ಲೆಕ್ಕ ಇಂದಿಗೂ ನಡೆಯುತ್ತಿದೆ. ಆದರೂ ಅದು 1/2.3 ಇಂಚಿನದಕ್ಕಿಂತ ನಾಲ್ಕು ಪಟ್ಟು ವಿಶಾಲ, ರಾತ್ರಿಗೆ ಅದೇ ಬೇಕು. 2023ರ ಡಿಜೆಐ ಆಸ್ಮೋ ಪಾಕೆಟ್ 3 ಅದನ್ನು ಜೇಬಿನೊಳಗೆ ತಂದಿತು. ಬೆಲೆ ನಮ್ಮ ‘ಅಧ್ಯಯನದ ಮಿತಿ’ಯಾಚೆ.

ದುಡ್ಡಿದ್ದವನ ಪೆಟ್ಟಿಗೆಯ ಮೇಲೆ ಸೆನ್ಸರಿನ ಅಳತೆ ದಪ್ಪಕ್ಷರದಲ್ಲಿರುತ್ತದೆ. ಇಲ್ಲದವನ ಪೆಟ್ಟಿಗೆಯ ಮೇಲೆ ಮೆಗಾಪಿಕ್ಸೆಲ್. ಮೂರು ತಿಂಗಳ ಓವರ್‌ಟೈಮ್ ಕೂಡಿಟ್ಟು, ಆನ್‌ಲೈನಿನಲ್ಲಿ ಚಾರಣದ ಅನುಮತಿ ಪಡೆದು, ನಸುಕಿನಲ್ಲಿ ಸ್ಕಂದಗಿರಿ ಹತ್ತಿದ ಹುಡುಗ ಮನೆಗೆ ಬಂದು ಅಮ್ಮನಿಗೆ ತೋರಿಸುವುದು ಕುದಿಯುವ ಕಪ್ಪು ರವೆ. ಅವನು ತನ್ನ ಕೈಯನ್ನೇ ದೂರಿಕೊಳ್ಳುತ್ತಾನೆ. ನನಗೆ ತಡೆಯಲಾಗದ್ದು ಇದು.

5. ಸಿದ್ಧಾಂತ

ಸೆಕೆಂಡ್‌ಹ್ಯಾಂಡ್ ಆದರೂ ಚಿಂತೆಯಿಲ್ಲ, ದೊಡ್ಡ ಸೆನ್ಸರಿನದು ಹುಡುಕಿ. ಸಿಗದಿದ್ದರೆ ಇರುವ ಫೋನೇ ಸಾಕು. ಜೂಮ್ ಮುಟ್ಟಬೇಡಿ. ಬಂಡೆಯ ಮೇಲಿಟ್ಟು ಚಿತ್ರಿಸಿ. ಚಳಿಗೆ ಬ್ಯಾಟರಿ ಸೊರಗುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿಡಿ. ಅಂಗಡಿಯಲ್ಲಿ ಮಾತ್ರ ಒಂದೇ ಪರೀಕ್ಷೆ: “ದೀಪ ಆರಿಸಿ ತೋರಿಸಿ ಸಾರ್” ಎನ್ನಿ. ಆರಿಸದಿದ್ದರೆ ಎದ್ದು ಬನ್ನಿ.