ಸೋಫಾ ಪ್ರದಕ್ಷಿಣೆ

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಗ್ಗೆ ಆರಕ್ಕೇ ಪುಕ್ಕಟೆ ಸಲಹೆಗಳ ಸುರಿಮಳೆ. ಮಂಕಿ ಟೋಪಿಯ ರಾಯರು, "ಬೆವರು ಕಿತ್ಕೊಂಡು ಬಂತು ಅಂದ್ರೆ ಕೊಬ್ಬು ಕರಗ್ತಿದೆ ಅಂತ್ಲೇ ತಿಳ್ಕೊಳ್ಳಿ" ಎನ್ನುತ್ತಾರೆ. ಹಾಗಿದ್ದರೆ ಮೇ ತಿಂಗಳಲ್ಲಿ ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಕೂತವರೆಲ್ಲ ಸಣಕಲು ಕಡ್ಡಿಯಾಗಬೇಕಿತ್ತು! ಬೆವರಲ್ಲಿ ಹೋಗುವುದು ನೀರು, ಒಂದಿಷ್ಟು ಉಪ್ಪು. ಒಂದು ಚೊಂಬು ನೀರು ಕುಡಿದರೆ ತೂಕ ವಾಪಸ್. ಹೊಟ್ಟೆಯ ಕಸರತ್ತು ಮಾಡಿದರೆ ಹೊಟ್ಟೆಯೇ ಕರಗುತ್ತದೆಂಬುದು ಇನ್ನೊಬ್ಬರ ಪಾಠ. ಒಳಗಿನ ಸ್ನಾಯು ಗಟ್ಟಿಯಾಗುವುದು ನಿಜ. ಕೊಬ್ಬನ್ನು ಮೊದಲು ಎಲ್ಲಿಂದ ಖರ್ಚು ಮಾಡಬೇಕೆಂದು ಮಾತ್ರ ದೇಹ ನಮ್ಮನ್ನು ಕೇಳುವುದಿಲ್ಲ. ನನ್ನದಂತೂ ಕೆನ್ನೆಗೆ ಕೈಹಾಕಿತೇ ಹೊರತು ಹೊಟ್ಟೆಯ ತಂಟೆಗೆ ಹೋಗಲಿಲ್ಲ.

ಇನ್ನು ಹತ್ತು ಸಾವಿರ ಹೆಜ್ಜೆಯ ಹುಚ್ಚು. ರಾತ್ರಿ ಮಲಗುವ ಮುಂಚೆ ಬಾಕಿ ಹೆಜ್ಜೆ ತೀರಿಸಲು ಹಾಲಿನಲ್ಲಿ ಸುತ್ತುತ್ತಿದ್ದರೆ, ನಮ್ಮಾಕೆ "ಸೋಫಾದಲ್ಲಿ ಯಾವ ದೇವ್ರು ಕೂತಿದಾನ್ರೀ?" ಎಂದಳು. ಈ ಲೆಕ್ಕ ಹಬ್ಬಿದ್ದು 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಹೊರಟಾಗ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸು ನಡಿಗೆಯಂಥ ಶ್ರಮ, ಎರಡು ದಿನ ಸ್ನಾಯುಗಳಿಗೂ ಕೆಲಸ. ನಡೆದು ಬಂದವರಿಗೆ ಬೆಣ್ಣೆ ದೋಸೆ ಲೆಕ್ಕಕ್ಕಿಲ್ಲ ಎಂಬುದೂ ಸುಳ್ಳಂತೆ. ಅದನ್ನು ಮಾತ್ರ ತಿಂಡಿಗೆ ಮುಂಚೆ ನನಗೆ ವಿವರಿಸಬೇಡಿ, ದಮ್ಮಯ್ಯ!