ಹಳದಿ ತ್ರಿಕೋನದ ಉಪದ್ರ

ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದ, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಅಡಿಕೆಯ ಲೆಕ್ಕವನ್ನೂ ಮಕ್ಕಳ ಪ್ರಾಜೆಕ್ಟನ್ನೂ ಒಟ್ಟಿಗೆ ಹೊತ್ತ ಲ್ಯಾಪ್‌ಟಾಪುಗಳಿಗೆ ವಿಂಡೋಸ್ 11ರ ಬಡ್ತಿ ಅನಿವಾರ್ಯವಾಯಿತು; ಬಡ್ತಿಯ ಬೆನ್ನಿಗೇ ತಕರಾರೂ ಬಂತು. ಯಂತ್ರದ ಬಿಡಿಭಾಗಕ್ಕೂ ಕಾರ್ಯಾಚರಣ ವ್ಯವಸ್ಥೆಗೂ ನಡುವೆ ನಿಂತು ಮಾತು ದಾಟಿಸುವ ಕಿರುತಂತ್ರಾಂಶವೇ ಡ್ರೈವರ್. ವ್ಯವಸ್ಥೆ ಹೊಸದಾಗಿ ಡ್ರೈವರ್ ಹಳೆಯದೇ ಉಳಿದರೆ, ಹೊಸ ಭಾಗವತರ ಪದ್ಯಕ್ಕೆ ಹಳೆಯ ಚೆಂಡೆ ಬೇರೆಯೇ ತಾಳ ಹಿಡಿದಂತಾಗಿ, ಸ್ಪೀಕರ್ ಮೌನವ್ರತ ತೊಡುತ್ತದೆ, ಟಚ್‌ಪ್ಯಾಡ್ ಮುನಿಯುತ್ತದೆ.

ಬಿಡಿಭಾಗಗಳ ಪಟ್ಟಿಯಾದ ಡಿವೈಸ್ ಮ್ಯಾನೇಜರಿನಲ್ಲಿ ಆಗ ಹಳದಿ ತ್ರಿಕೋನವೊಂದು ಪ್ರತ್ಯಕ್ಷವಾಗುತ್ತದೆ. ಅದರ ಮೇಲೆ ಎರಡು ಬಾರಿ ಒತ್ತಿದಾಗ ಕಾಣುವ ಸಂಖ್ಯೆ 10 ಆಗಿದ್ದರೆ ಆ ಭಾಗ ಶುರುವಾಗಲಾರದೆಂದೂ, 12 ಆಗಿದ್ದರೆ ಅದಕ್ಕೆ ಬೇಕಾದ ಸಂಪನ್ಮೂಲ ಖಾಲಿ ಸಿಗುತ್ತಿಲ್ಲವೆಂದೂ, 28 ಆಗಿದ್ದರೆ ಡ್ರೈವರೇ ಇಲ್ಲವೆಂದೂ ಅರ್ಥ. ಇಷ್ಟನ್ನು ಓದುವ ಮೊದಲೇ ಲ್ಯಾಪ್‌ಟಾಪಿನ ಬೆನ್ನಿಗೆ ಎರಡು ಬಾರಿಸುವುದು ಊರಿನ ರೂಢಿ.

ವೈಫೈಯೇ ಕೈಕೊಟ್ಟ ಪ್ರಸಂಗವಂತೂ ಪೂರ್ಣ ಪ್ರಹಸನ: ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ವೈಫೈ ಬೇಕು, ವೈಫೈಗೆ ಡ್ರೈವರ್ ಬೇಕು. ಮೊಬೈಲನ್ನು ಯುಎಸ್‌ಬಿ ಕೇಬಲಿನಿಂದ ಜೋಡಿಸಿ ಟೆದರಿಂಗ್, ಅಂದರೆ ಮೊಬೈಲಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪಿಗೆ ಹಂಚುವ ವ್ಯವಸ್ಥೆ, ಆನ್ ಮಾಡಿದರೆ ಈ ಚಕ್ರವ್ಯೂಹ ಒಡೆಯುತ್ತದೆ. ಆದರೆ ಘಟ್ಟದ ಬುಡದ ಮನೆಗಳಲ್ಲಿ ಸಿಗ್ನಲ್ ಅರಸಿ ಕೇಬಲ್ ಸಮೇತ ಅಂಗಳಕ್ಕೆ ಇಳಿಯಬೇಕಾದೀತು. ಇದಾವುದೂ ಫಲಿಸದಿದ್ದರೆ, ಹಳೆಯ ವ್ಯವಸ್ಥೆಗೆ ಮರಳುವ ಸೌಲಭ್ಯ ಬಡ್ತಿಯಾದ 10 ದಿನಗಳವರೆಗೆ ಸೆಟ್ಟಿಂಗ್ಸಿನಲ್ಲಿ ಲಭ್ಯವಿರುತ್ತದೆ.